ಎಳೆದು ಹಿಡಿದ ಸ್ನಾಯುವಿನ ಗ್ರಾಹಕ ದಣಿಯುತ್ತದೆಯೇ?

ಪ್ರಶ್ನೆ: ದೇಹದಿಂದ ಬೇರ್ಪಡಿಸಿದ ಕಪ್ಪೆಯ ಸ್ನಾಯುವನ್ನು ಎಳೆದು ಹಿಡಿದಾಗ ಅದರ ಸಂವೇದಕ ನರದಲ್ಲಿ ನರಾವೇಗಗಳು (ನರದಲ್ಲಿ ಸಾಗುವ ಕಿರು ವಿದ್ಯುತ್ ಸಂಕೇತಗಳು) ಮೊದಲು ದಟ್ಟವಾಗಿ ಮೂಡಿ, ಎಳೆತ ಹಾಗೆಯೇ ಇದ್ದರೂ ಕ್ರಮೇಣ ವಿರಳವಾಗುತ್ತವೆ ಎಂದು ಓದಿದ್ದೇನೆ. ಎಳೆತವನ್ನು ಗ್ರಹಿಸಿ ನರಕ್ಕೆ ತಿಳಿಸುವ ಅಂಗ, ಅಂದರೆ ಗ್ರಾಹಕ, ದಣಿಯುವುದು ಇದಕ್ಕೆ ಕಾರಣವೇ?

ಉತ್ತರ: ಅಲ್ಲ. ಆವೇಗಗಳು ವಿರಳವಾದ ಮೇಲೂ ಸ್ನಾಯುವನ್ನು ಇನ್ನಷ್ಟು ಎಳೆದರೆ ಅವು ಕೂಡಲೇ ಮತ್ತೆ ದಟ್ಟವಾಗುತ್ತವೆ. ದಣಿದ ಗ್ರಾಹಕಕ್ಕೆ ಇದು ಸಾಧ್ಯವಾಗುತ್ತಿರಲಿಲ್ಲ. ಇಲ್ಲಿ ನಡೆಯುವುದು ಹೊಂದಾಣಿಕೆ, ಅಂದರೆ ಬದಲಾಗದೆ ಮುಂದುವರಿಯುವ ಎಳೆತಕ್ಕೆ ಗ್ರಾಹಕದ ಪ್ರತಿಕ್ರಿಯೆ ತಗ್ಗುವುದು.

ನೀವು ಹೇಳುವ ಗ್ರಾಹಕವನ್ನು ಸ್ನಾಯು ಸ್ಪಿಂಡಲ್ ಎನ್ನುತ್ತಾರೆ. ಪೊರೆಯೊಂದು ಸುತ್ತುವರಿದ ಕೆಲವೇ ತೆಳು ಸ್ನಾಯುತಂತುಗಳು ಹಾಗೂ ಅವುಗಳ ಮೇಲೆ ಹರಡಿಕೊಂಡ ನರದ ತುದಿಗಳು, ಇಷ್ಟೇ ಅದರ ರಚನೆ. 1926ರಲ್ಲಿ ಕೇಂಬ್ರಿಜ್‌ನಲ್ಲಿ ಶರೀರಕ್ರಿಯಾ ವಿಜ್ಞಾನಿಗಳಾದ ಏಡ್ರಿಯನ್ ಮತ್ತು ಜೊಟ್ಟರ್‌ಮನ್ ಅವರು ಕಪ್ಪೆಯ ಎದೆಯ ಬಳಿಯ ಸಣ್ಣ ಸ್ನಾಯುವೊಂದನ್ನು, ಒಂದೇ ಗ್ರಾಹಕ ಉಳಿಯುವವರೆಗೆ ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತ ಹೋಗಿ, ಎಳೆತ ಹೆಚ್ಚಿದಾಗ ಆವೇಗಗಳ ಗಾತ್ರ ಬದಲಾಗದೆ ಅವುಗಳ ಆವರ್ತನ (ಸೆಕೆಂಡಿಗೆ ಎಷ್ಟು ಎಂಬ ಎಣಿಕೆ) ಮಾತ್ರ ಏರುತ್ತದೆಂದು ತೋರಿಸಿದರು. ಪಠ್ಯಪುಸ್ತಕದ ವಿವರಣೆ ಹೆಚ್ಚಾಗಿ ಇಲ್ಲಿಗೇ ಮುಗಿಯುತ್ತದೆ.

ಆದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವುದು, ನನ್ನ ದೃಷ್ಟಿಯಲ್ಲಿ, 1950ರಲ್ಲಿ ಶರೀರಕ್ರಿಯಾ ವಿಜ್ಞಾನಿ ಬರ್ನಾರ್ಡ್ ಕಾಟ್ಸ್ ಪ್ರಕಟಿಸಿದ ಪ್ರಯೋಗ. ಕಪ್ಪೆಯ ಕಾಲ್ಬೆರಳಿನ ಸ್ನಾಯುವಿಗೆ ಪ್ರೊಕೇನ್ ಎಂಬ ಅರಿವಳಿಕೆಯನ್ನು ಸೇರಿಸಿದಾಗ ನರಾವೇಗಗಳು ನಿಂತುಹೋದವು; ಆದರೂ ಸ್ನಾಯುವನ್ನು ಎಳೆದಾಗಲೆಲ್ಲ ನರದ ತುದಿಯಲ್ಲಿ ಚಿಕ್ಕದೊಂದು ವಿದ್ಯುತ್ ವಿಭವ (ವೋಲ್ಟೇಜ್) ಮೂಡುತ್ತಲೇ ಇತ್ತು. ಎಳೆದಷ್ಟೂ ಅದು ದೊಡ್ಡದಾಗುತ್ತಿತ್ತು. ನರಾವೇಗ ಹುಟ್ಟಿದರೆ ಪೂರ್ಣವಾಗಿ ಹುಟ್ಟುತ್ತದೆ, ಇಲ್ಲದಿದ್ದರೆ ಇಲ್ಲ. ಈ ಗ್ರಾಹಕ ವಿಭವವಾದರೋ ಎಳೆತಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ ಮತ್ತು ಅದು ಒಂದು ಮಿತಿಯನ್ನು ದಾಟಿದಾಗ ಮಾತ್ರ, ಅರಿವಳಿಕೆ ಇಲ್ಲದ ನರದಲ್ಲಿ, ಆವೇಗಗಳ ಸಾಲು ಹೊರಡುತ್ತದೆ.

ಈ ವಿಭವಕ್ಕೆ ಎರಡು ಭಾಗಗಳಿವೆ. ಸ್ನಾಯು ಉದ್ದವಾಗುತ್ತಿರುವಾಗ ಎಳೆತದ ವೇಗಕ್ಕೆ ಅನುಗುಣವಾಗಿ ಅದು ಥಟ್ಟನೆ ಏರುತ್ತದೆ. ಉದ್ದ ಸ್ಥಿರವಾದೊಡನೆ ಇಳಿದು, ಆ ಉದ್ದಕ್ಕೆ ತಕ್ಕ ಕೆಳಮಟ್ಟದಲ್ಲಿ ನಿಲ್ಲುತ್ತದೆ. ನೀವು ಓದಿದ ದಟ್ಟ ಆವೇಗಗಳು ಮೊದಲ ಭಾಗದವು, ವಿರಳವಾದವು ಎರಡನೆಯದರವು. ಎಳೆದ ತಂತುವಿನ ಒಳಗಿನ ಬಿಗಿತ ಸ್ವಲ್ಪ ಸಡಿಲವಾಗುವುದೂ ನರದ ಪೊರೆಯ ಉದ್ರೇಕಶೀಲತೆಯೇ (ಪ್ರಚೋದನೆಗೆ ಸ್ಪಂದಿಸುವ ಗುಣ) ತಗ್ಗುವುದೂ ಈ ಇಳಿಕೆಗೆ ಕಾರಣಗಳಾಗುತ್ತವೆ. ಎಳೆತವನ್ನು ಹಠಾತ್ತನೆ ಬಿಟ್ಟರೆ ವಿಭವವು ವಿಶ್ರಾಂತ ಮಟ್ಟಕ್ಕಿಂತಲೂ ಕೆಳಗಿಳಿದು, ಗ್ರಾಹಕವು ಕ್ಷಣಕಾಲ ಆವೇಗಗಳನ್ನೇ ಹೊರಡಿಸುವುದಿಲ್ಲ.