ಶಿರಸಿಯಿಂದ ಮಂಗಳೂರಿಗೆ ಹೋದರೆ ಬಿಕಾಂ ಕ್ರೆಡಿಟ್ ಉಳಿಯುತ್ತಾ?

ಮೊದಲ ವರ್ಷ ಮುಗಿಸಿ ಕಾರವಾರಕ್ಕೋ ಕುಮಟಾಕ್ಕೋ ಹೋಗುವುದಾಗಿದ್ದರೆ ತಲೆನೋವು ಕಡಿಮೆ. ಸಾಮಾನ್ಯವಾಗಿ ಅಲ್ಲೂ ಧಾರವಾಡದ ಕರ್ನಾಟಕ ವಿವಿಯದ್ದೇ ಸಿಲೆಬಸ್. ಮಂಗಳೂರಿನದು ಬೇರೆ ವಿವಿ. ಅಲ್ಲಿ ನಿಮ್ಮ ಹತ್ತಿರ ಎಷ್ಟು ಕ್ರೆಡಿಟ್ (ಪಾಸಾದ ಪೇಪರಿಗೆ ಸಿಗುವ ಪಾಯಿಂಟ್) ಇದೆ ಅನ್ನೋದಕ್ಕಿಂತ ಅದು ಯಾವ ಪೇಪರಿನದು ಅಂತ ಜಾಸ್ತಿ ನೋಡುತ್ತಾರೆ. ಸಿಲೆಬಸ್ ಹೊಂದದಿದ್ದರೆ, ಇಲ್ಲಿ ಪಾಸಾಗಿದ್ದರೂ ಅಲ್ಲಿನ ಪೇಪರ್ ಬರೆಯಬೇಕಾಗಬಹುದು.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮಾ ಆಗಿದೆ, ಸಾಕಲ್ವಾ ಅಂತೀರಾ? ಅದು ನಿಮ್ಮ ಕ್ರೆಡಿಟ್‌ಗಳ ಆನ್‌ಲೈನ್ ಖಾತೆ, ಲೆಕ್ಕ ಇಡುತ್ತದೆ ಅಷ್ಟೇ. ಒಪ್ಪುವುದು ಹೊಸ ವಿವಿಗೆ ಬಿಟ್ಟಿದ್ದು. ಯುಜಿಸಿಯ 2021ರ ನಿಯಮದಂತೆ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50 ಕ್ರೆಡಿಟ್ ಗಳಿಸಬೇಕು. ನಿಮಗಿನ್ನೂ ಎರಡು ವರ್ಷ ಇದೆ, ಅದು ತೊಡಕಾಗದು.

ಟಿಸಿ ತೆಗೆಸುವ ಮೊದಲೇ ಸಿಲೆಬಸ್, ಮಾರ್ಕ್ಸ್‌ಕಾರ್ಡ್ ಕಳಿಸಿ ಲಿಖಿತ ಒಪ್ಪಿಗೆ ತಗೊಳ್ಳಿ. ಫೋನಿನಲ್ಲಿ ‘ಆಗುತ್ತೆ ಬನ್ನಿ’ ಅಂದರೆ ಸಾಲದು.