ನುಂಗಿದ್ದು ಎದೆಯಲ್ಲೇ ನಿಂತಾಗ

ಪ್ರಶ್ನೆ: ನನ್ನ ತಾಯಿಗೆ 46 ವರ್ಷ. ಎರಡು ವರ್ಷಗಳಿಂದ ತಿಂದದ್ದು ಎದೆಯಲ್ಲೇ ನಿಂತಂತಾಗುತ್ತದೆ. ಈಗೀಗ ನೀರೂ ಸಲೀಸಾಗಿ ಇಳಿಯುತ್ತಿಲ್ಲ. ಆಸಿಡಿಟಿಯ ಮಾತ್ರೆಗಳಿಂದ ಗುಣ ಕಾಣಲಿಲ್ಲ. ರಾತ್ರಿ ಮಲಗಿದರೆ ಕೆಮ್ಮು, ಬೆಳಿಗ್ಗೆ ದಿಂಬಿನ ಮೇಲೆ ಹಿಂದಿನ ದಿನದ ಊಟದ ಕಲೆ. ತೂಕವೂ ಇಳಿದಿದೆ. ಎಂಡೋಸ್ಕೋಪಿ ಮತ್ತು ಬೇರಿಯಂ ದ್ರಾವಣ ಕುಡಿಸಿ ತೆಗೆದ ಎಕ್ಸ್‌ರೇ ನೋಡಿದ ವೈದ್ಯರು ‘ಅಕಲೇಸಿಯಾ’ ಎಂದಿದ್ದಾರೆ. ಚಿಕಿತ್ಸೆ ಮುಂದೂಡಿದರೆ ಏನಾಗುತ್ತದೆ? ಯಾವ ಚಿಕಿತ್ಸೆ ಮಾಡಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಆ ರಾತ್ರಿಯ ಕೆಮ್ಮು. ಅನ್ನನಾಳದಲ್ಲಿ ಉಳಿದ ಆಹಾರ ಮಲಗಿದಾಗ ಗಂಟಲಿಗೆ ಮರಳಿ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಹೀಗೆ ಪದೇಪದೇ ಆದರೆ ನ್ಯುಮೋನಿಯಾ ಬರಬಹುದು. ಚಿಕಿತ್ಸೆ ಆಗುವ ತನಕ ರಾತ್ರಿಯ ಊಟವನ್ನು ಮಲಗುವುದಕ್ಕೆ ಮೂರ್ನಾಲ್ಕು ಗಂಟೆ ಮೊದಲೇ ಮುಗಿಸಿ, ಮಂಚದ ತಲೆಭಾಗವನ್ನು ಎತ್ತರಿಸಿಡಿ. ಜ್ವರವೋ ಏದುಸಿರೋ ಕಂಡರೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಅಕಲೇಸಿಯಾದಲ್ಲಿ ಅನ್ನನಾಳದ ಗೋಡೆಯೊಳಗಿನ ನರಕೋಶಗಳು ನಶಿಸುವುದರಿಂದ, ನುಂಗಿದೊಡನೆ ಸಡಿಲಗೊಳ್ಳಬೇಕಾದ ಕೆಳತುದಿಯ ಸ್ನಾಯು ಬಿಗಿಯಾಗಿಯೇ ಉಳಿಯುತ್ತದೆ, ಆಹಾರವನ್ನು ಕೆಳಕ್ಕೆ ತಳ್ಳುವ ಅಲೆಯಂಥ ಚಲನೆಯೂ ಇಲ್ಲವಾಗುತ್ತದೆ. ನಿಂತ ಆಹಾರ ಹುಳಿತು ಎದೆಯುರಿ ತರುವುದರಿಂದಲೇ ಇದನ್ನು ಆಸಿಡಿಟಿ ಎಂದುಕೊಂಡು ಎಷ್ಟೋ ಜನರ ವರ್ಷಗಳು ಕಳೆದುಹೋಗುತ್ತವೆ.

ಮುಂದೂಡಿದರೆ ಅನ್ನನಾಳ ಹಿಗ್ಗುತ್ತಾ ಹೋಗಿ ಕೊನೆಗೆ ಚೀಲದಂತೆ ಜೋತುಬೀಳಬಹುದು. ಆ ಹಂತದಲ್ಲಿ ಕೆಲವರಿಗೆ ಅನ್ನನಾಳವನ್ನೇ ತೆಗೆಯಬೇಕಾಗುತ್ತದೆ. ಹಲವು ವರ್ಷಗಳ ನಂತರ ಅನ್ನನಾಳದ ಕ್ಯಾನ್ಸರಿನ ಅಪಾಯವೂ ಉಳಿದವರಿಗಿಂತ ಹೆಚ್ಚು.

ನಶಿಸಿದ ನರಕೋಶಗಳನ್ನು ಯಾವ ಚಿಕಿತ್ಸೆಯೂ ಮರಳಿ ತರುವುದಿಲ್ಲ. ಎಲ್ಲ ಚಿಕಿತ್ಸೆಗಳೂ ಆ ಬಿಗಿದ ಬಾಗಿಲನ್ನು ಸಡಿಲಿಸುತ್ತವೆ, ಅಷ್ಟೇ; ಮುಂದೆ ಆಹಾರ ಬಹುಪಾಲು ತನ್ನ ಭಾರದಿಂದಲೇ ಇಳಿಯಬೇಕು. 30ರಿಂದ 40 ಮಿಲಿಮೀಟರ್ ಅಗಲದ ಬಲೂನಿನಿಂದ ಸ್ನಾಯುವನ್ನು ಹಿಗ್ಗಿಸುವುದು ಒಂದು ದಾರಿ. ಅದನ್ನು ಕೆಲವೊಮ್ಮೆ ಮತ್ತೆ ಮಾಡಬೇಕಾಗುತ್ತದೆ, ಅನ್ನನಾಳ ಹರಿಯುವ ಸಣ್ಣ ಅಪಾಯವೂ ಇದೆ. ಜರ್ಮನಿಯ ಹೆಲ್ಲರ್ 1913ರಲ್ಲಿ ಆರಂಭಿಸಿದ, ಸ್ನಾಯುವನ್ನು ಸೀಳುವ ಶಸ್ತ್ರಚಿಕಿತ್ಸೆ ಈಗ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ, ಲ್ಯಾಪರೋಸ್ಕೋಪಿಯಲ್ಲಿ ನಡೆಯುತ್ತದೆ. ಆಮ್ಲ ಮೇಲೇರದಂತೆ ಜಠರದ ಒಂದು ಮಡಿಕೆಯನ್ನೂ ಅಲ್ಲಿಯೇ ಹೊಲಿಯುತ್ತಾರೆ. ಜಪಾನಿನಲ್ಲಿ 2008ರಲ್ಲಿ ಮೊದಲಾದ ‘ಪೋಯೆಮ್’ ವಿಧಾನದಲ್ಲಿ ಬಾಯಿಯ ಮೂಲಕವೇ ಎಂಡೋಸ್ಕೋಪ್ ಇಳಿಸಿ, ಒಳಪದರದ ಕೆಳಗೆ ಸುರಂಗ ಕೊರೆದು ಸ್ನಾಯುವನ್ನು ಕೊಯ್ಯುತ್ತಾರೆ. ಹೊರಗೆ ಗಾಯವಿಲ್ಲ, ಆದರೆ ನಂತರ ಆಮ್ಲದ ತೊಂದರೆ ಹೆಚ್ಚು. ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದಿನ ಪರಿಣಾಮ ಸಾಮಾನ್ಯವಾಗಿ ವರ್ಷದೊಳಗೆ ಇಳಿಯುತ್ತದೆ. ಬೇರೆ ಚಿಕಿತ್ಸೆ ತಾಳಲಾರದವರಿಗೆ ಅದು ಸರಿ, ನಿಮ್ಮ ತಾಯಿಯವರ ವಯಸ್ಸಿಗೆ ನಾನು ಅದನ್ನು ಸೂಚಿಸಲಾರೆ.

ನಿರ್ಧರಿಸುವ ಮೊದಲು ಅನ್ನನಾಳದ ಒತ್ತಡವನ್ನು ಅಳೆಯುವ ಮ್ಯಾನೊಮೆಟ್ರಿ ಪರೀಕ್ಷೆ ಮಾಡಿಸಿ. ಕಾಯಿಲೆ ಯಾವ ಬಗೆಯದೆಂದು ಅದರಿಂದ ತಿಳಿಯುತ್ತದೆ: ಅಕಲೇಸಿಯಾದ ಮೂರು ಬಗೆಗಳಲ್ಲಿ ಎರಡನೆಯದು ಎಲ್ಲ ಚಿಕಿತ್ಸೆಗಳಿಗೂ ಚೆನ್ನಾಗಿ ಒಗ್ಗುತ್ತದೆ. ಸೆಡೆತ ಹೆಚ್ಚಿರುವ ಮೂರನೆಯದಕ್ಕೆ ಉದ್ದವಾಗಿ ಸೀಳಲು ಬರುವ ಪೋಯೆಮ್ ಮೇಲು. ಚಿಕಿತ್ಸೆಯ ನಂತರವೂ ಅವರು ನೆಟ್ಟಗೆ ಕುಳಿತು, ನಿಧಾನವಾಗಿ ಅಗಿದು, ನಡುನಡುವೆ ನೀರು ಕುಡಿಯುತ್ತಾ ಉಣ್ಣಬೇಕು. ನುಂಗುವುದು ಮತ್ತೆ ಕಷ್ಟವಾದರೆ ಬೇರಿಯಂ ಕುಡಿಸಿ, ಐದು ನಿಮಿಷದ ಬಳಿಕ ಅನ್ನನಾಳದಲ್ಲಿ ಎಷ್ಟು ಉಳಿದಿದೆಯೆಂದು ನೋಡಲು ವೈದ್ಯರನ್ನು ಕೇಳಿ.