ಮೇಷ್ಟ್ರೇ, ಮೊದಲು ವಿಭಾಗಕ್ಕೆ ಫೋನ್ ಮಾಡಿ

ಕೊಪ್ಪಳ ಜಿಲ್ಲೆಯಿಂದ ಸರ್ಕಾರಿ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಮಗಳಿಗೆ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆಯಂತೆ. ಸೇರಿಸಲು ಬಂದಾಗ ಎರಡು ರಾತ್ರಿ ಉಳಿಯಬೇಕು. 'ಶಿವಮೊಗ್ಗದಲ್ಲಿ ಒಳ್ಳೆ ಹೋಟೆಲ್ ನೋಡಲೋ, ವಿಶ್ವವಿದ್ಯಾಲಯದ ಗೆಸ್ಟ್ ಹೌಸ್ ಕೇಳಲೋ? ಸರ್ಕಾರಿ ಜಾಗ, ಜಿರಲೆ ಜಾಸ್ತಿ ಅಂತ ನಮ್ಮ ಮನೆಯವರಿಗೆ ಹೆದರಿಕೆ' ಎಂದು ಕೇಳಿದ್ದಾರೆ.

ಮೇಷ್ಟ್ರೇ, ಮಗಳನ್ನು ಇಷ್ಟು ದೂರ ಓದಲು ಕಳಿಸುತ್ತಿದ್ದೀರಲ್ಲ, ಅದಕ್ಕೆ ಶಭಾಷ್. ಆದರೆ ಸರ್ಕಾರಿ ಅಂದ ಕೂಡಲೇ ಜಿರಲೆ ನೆನಪಾಗುವುದೇ? ಜೀವನವಿಡೀ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರ ಮನೆಯಲ್ಲೇ ಹೀಗಾದರೆ ಹೇಗೆ?

ಹೋಟೆಲ್ ಪರವಾಗಿ ಇರುವುದನ್ನು ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರ. ಊಟ, ಮೆಡಿಕಲ್ ಶಾಪು ಕೆಳಗೇ ಸಿಗುತ್ತವೆ. ಮುಗೀತು.

ಈಗ ದಾರಿ ನೋಡಿ. ಶಿವಮೊಗ್ಗದ ವಿಶ್ವವಿದ್ಯಾಲಯ ಅನ್ನುವುದು ಬಾಯಿಮಾತು. ಅದು ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಶಿವಮೊಗ್ಗದಿಂದ 28 ಕಿ.ಮೀ. ಆಚೆ. 1987ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಆಗುವ ಮೊದಲು ಅಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು. ಪಕ್ಕದಲ್ಲೇ ಭದ್ರಾ ಡ್ಯಾಂ, ಸುತ್ತ ಕಾಡು. ಅಡ್ಮಿಷನ್ ಅಂದಮೇಲೆ ಒಂದಾದರೂ ಕಾಗದ ಕಡಿಮೆ ಬಂದೇ ಬರುತ್ತದೆ. ಶಿವಮೊಗ್ಗದಲ್ಲಿ ಇಳಿದಿದ್ದರೆ ಆ ಒಂದು ಕಾಗದ ತರಲು ಮತ್ತೆ ಬಸ್ಸು ಹತ್ತಬೇಕು. ಗೆಸ್ಟ್ ಹೌಸಿನಲ್ಲಿದ್ದರೆ ನಡೆದು ಹೋಗಿ ತರಬಹುದು.

ಲಾಡ್ಜುಗಳ ಹೊಸ ರಿವಾಜು ಬೇರೆ. ಮೊದಲು ರೂಮು ಹಿಡಿದ ಹೊತ್ತಿನಿಂದ 24 ಗಂಟೆ ಲೆಕ್ಕ ಹಾಕುವುದು ಮಾಮೂಲಿಯಾಗಿತ್ತು. ಈಗ ಎಷ್ಟೋ ಕಡೆ ಮಧ್ಯಾಹ್ನ 12ಕ್ಕೆ ಲೆಕ್ಕ ಚುಕ್ತಾ. ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಐದಕ್ಕೆ ಇಳಿದವನು ಮುಖ ತೊಳೆಯಲು ಒಂದು ದಿನದ ಬಾಡಿಗೆ ಕಟ್ಟಬೇಕು. ಮೇಲೆ ತೆರಿಗೆ. ಸಾವಿರದೊಳಗಿನ ರೂಮಿಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈನಲ್ಲೇ ಹೋಯಿತು. ಇಷ್ಟೆಲ್ಲ ಕೊಟ್ಟರೂ ಬಾತ್‌ರೂಮ್ ಬಾಗಿಲ ಮೇಲೆ 'ಬಿಸಿನೀರು 6ರಿಂದ 8' ಎಂಬ ಚೀಟಿ!

ಇದೇ ಸೀಮೆಯ ಒಂದು ಕ್ಯಾಂಪಸ್ಸಿಗೆ ಭಾಷಣಕ್ಕೆ ಹೋಗಿದ್ದೆ. ಕಾರ್ಯಕ್ರಮ ಎಳೆದೂ ಎಳೆದೂ ರಾತ್ರಿ ಹತ್ತಾಯಿತು. ಗೆಸ್ಟ್ ಹೌಸಿನ ಅಡುಗೆಯವರು ಅನ್ನದ ಮೇಲೆ ತಟ್ಟೆ ಬೋರಲು ಹಾಕಿಟ್ಟು ಕಾಯುತ್ತಿದ್ದರು. ಸಾರು ಬಿಸಿ ಮಾಡಿ, ಹಪ್ಪಳ ಆಗಲೇ ಕರಿದು ಬಡಿಸಿದರು. 'ನಾಳೆ ಎಷ್ಟು ಗಂಟೆ ಬಸ್ಸು ಸಾರ್?' ಎಂದು ಕೇಳಿ, ಬೆಳಗ್ಗೆ ಆರಕ್ಕೆ ಬಾಗಿಲು ತಟ್ಟಿ ಕಾಫಿ ಕೊಟ್ಟರು. ಯಾವ ರಿಸೆಪ್ಷನ್ ಹುಡುಗ ನಿಮ್ಮ ಬಸ್ಸಿನ ಚಿಂತೆ ಮಾಡುತ್ತಾನೆ, ಹೇಳಿ. ಜಿರಲೆ? ಒಂದಿತ್ತು. ಲಾಡ್ಜಿನಲ್ಲಿ ಇರಲ್ವಾ?

ನನ್ನ ಸಿಟ್ಟು ಬೇರೆ ಕಡೆಗಿದೆ. ನಮ್ಮ ವಿಶ್ವವಿದ್ಯಾಲಯಗಳು ಮಹಾದ್ವಾರ ಕಟ್ಟುತ್ತವೆ, ಸಭಾಂಗಣ ಕಟ್ಟುತ್ತವೆ. ಗಣ್ಯರು ಬಂದರೆ ಇರಲಿ ಅಂತ ಎರಡು ರೂಮಿಗೆ ವರ್ಷವಿಡೀ ಬೀಗ ಹಾಕಿಡುತ್ತವೆ. ಮಗಳನ್ನು ಬಿಡಲು ಬಂದ ಅಪ್ಪ ಅಮ್ಮ ಮಾತ್ರ ಹಾಸ್ಟೆಲ್ ಜಗಲಿಯ ಮೇಲೆ ಟ್ರಂಕಿಗೆ ಒರಗಿ ಕೂತಿರುತ್ತಾರೆ. ಅಡ್ಮಿಷನ್ ಇರುವಷ್ಟು ದಿನವಾದರೂ ನಾಲ್ಕು ರೂಮು ಅವರಿಗೆ ಅಂತ ಬಿಟ್ಟರೆ ಗಂಟೇನು ಹೋಗುತ್ತದೆ?

ಗೆಸ್ಟ್ ಹೌಸಿನಲ್ಲಿ ಪರೀಕ್ಷಕರಿಗೆ, ಹೊರಗಿನ ಪ್ರೊಫೆಸರುಗಳಿಗೆ ಮೊದಲ ಮಣೆ. ಅದಕ್ಕೇ ಈಗಲೇ ಮಗಳ ವಿಭಾಗಕ್ಕೆ ಫೋನ್ ಮಾಡಿ, ಪತ್ರವನ್ನೂ ಹಾಕಿ. ರೂಮಿಲ್ಲ ಅಂದರೆ ಭದ್ರಾವತಿಯಲ್ಲಿ ಲಾಡ್ಜ್ ನೋಡಿ, ಶಿವಮೊಗ್ಗಕ್ಕಿಂತ ಹತ್ತಿರ. ಮತ್ತೆ ಏನು ಕಾರಣ ಕೊಟ್ಟು ಇಲ್ಲ ಅಂದರು ಅನ್ನುವುದನ್ನು ನನಗೆ ಬರೆಯಿರಿ. ಅದನ್ನೂ ಇದೇ ಪುಟದಲ್ಲಿ ಅಚ್ಚು ಹಾಕೋಣ.